ಕೆಂಪು ಪೆನ್ನಿಗೆ ಹಂಗು ತಟ್ಟದಿರಲಿ

ಮಗಳೇ,

ನೇಮಕಾತಿ ಆದೇಶ ಕೈಗೆ ಬಂದ ಸಂಜೆ ನೀನು ಮೊದಲು ಫೋನ್ ಮಾಡಿದ್ದು ನನಗೆ. ಬ್ಯುರೆಟ್ಟಿನ ತಿರುಪು ಮುಟ್ಟಲು ಹೆದರುತ್ತಿದ್ದ ಹುಡುಗಿ ಇಂದು ರಸಾಯನಶಾಸ್ತ್ರ ವಿಭಾಗಕ್ಕೆ ಸಹಾಯಕ ಪ್ರಾಧ್ಯಾಪಕಿ. ಆ ರಾತ್ರಿ ಸಂತೋಷಕ್ಕೆ ನನಗೆ ನಿದ್ದೆ ಹತ್ತಲಿಲ್ಲ. ಫೋನ್ ಇಡುವ ಮುಂಚೆ ನೀನು ತಡೆದು ತಡೆದು ಒಂದು ಮಾತು ಕೇಳಿದೆ: "ಮೇಡಂ, ನಮ್ಮ ಮಾವನವರು ಸಿಇಟಿ ಕೋಚಿಂಗ್ ಸೆಂಟರ್ ನಡೆಸ್ತಾರಲ್ಲ, ಭಾನುವಾರ ಮಾತ್ರ ಅಲ್ಲಿ ಪಾಠ ಮಾಡಿದ್ರೆ ತಪ್ಪಾಗುತ್ತಾ?" ಅದಕ್ಕೆ ಫೋನಿನಲ್ಲಿ ಹೌದು, ಇಲ್ಲ ಎಂದು ಹೇಳಿಬಿಡಲು ಮನಸ್ಸಾಗಲಿಲ್ಲ. ಕೂತು ಬರೆದಿದ್ದೇನೆ. ನಿಧಾನವಾಗಿ ಓದು.

34 ವರ್ಷ ಪಾಠ ಮಾಡಿ ನಿವೃತ್ತಳಾದವಳು ನಾನು. ದುಡ್ಡಿನ ಆಸೆಗೆ ಕೆಟ್ಟ ಅಧ್ಯಾಪಕರನ್ನು ಕಂಡಿದ್ದೇನೆ, ಅವರು ಬೆರಳೆಣಿಕೆಯಷ್ಟು. ದಾಕ್ಷಿಣ್ಯಕ್ಕೆ ಸಿಕ್ಕಿ ಕೆಟ್ಟ ಒಳ್ಳೆಯವರೇ ಬಹಳ. ಗುರುಗಳು ಹೇಳಿದರು, ಭಾವ ಕೇಳಿಕೊಂಡರು, ಊರಿನವರು ಮನೆ ಬಾಗಿಲಿಗೆ ಬಂದರು, ಹೇಗೆ ಬೇಡ ಅನ್ನಲಿ? ಕಡತದ ಭಾಷೆಯಲ್ಲಿ ಇದಕ್ಕೆ ಹಿತಾಸಕ್ತಿ ಸಂಘರ್ಷ ಎನ್ನುತ್ತಾರೆ. ನಮ್ಮ ಮನೆಮಾತಿನಲ್ಲಿ ಇದು ಹಂಗು. ಒಬ್ಬರ ಹಂಗಿನಲ್ಲಿದ್ದುಕೊಂಡು ಅವರಿಗೇ ಅಂಕ ಹಾಕುವ, ಅವರನ್ನೇ ಆರಿಸುವ, ಅವರಿಂದಲೇ ಕೊಳ್ಳುವ ಸ್ಥಾನದಲ್ಲಿ ಕೂತರೆ ಕೈ ತಾನಾಗಿ ವಾಲುತ್ತದೆ. ವಾಲಿದ್ದು ನಮಗೇ ತಿಳಿಯುವುದಿಲ್ಲ.

ಹಂಗಿಲ್ಲದ ಮನುಷ್ಯರಿಲ್ಲ. ನಮಗೂ ಅಕ್ಕತಂಗಿಯರಿದ್ದಾರೆ, ಗುರುಗಳಿದ್ದಾರೆ, ಮನೆ ಸಾಲವಿದೆ. ಅವೆಲ್ಲ ಇರುವುದು ತಪ್ಪಲ್ಲ, ಮುಚ್ಚಿಟ್ಟುಕೊಂಡು ತೀರ್ಪು ಕೊಡಲು ಕೂರುವುದು ತಪ್ಪು. ಇಷ್ಟುದ್ದ ಬರೆದದ್ದರ ಸಾರ ಮೂರೇ ಮಾತು: ಮೊದಲೇ ಹೇಳು, ಬರೆದು ಕೊಡು, ಪಕ್ಕಕ್ಕೆ ಸರಿ. ಉಳಿದದ್ದೆಲ್ಲ ಅದರ ವಿವರ.

ಸೇರಿದ ಮೊದಲ ತಿಂಗಳಲ್ಲಿ

- ಹಂಗಿನ ಪಟ್ಟಿಯೊಂದನ್ನು ಬರೆ. ಇನ್ನೂರು ಪುಟದ ನೋಟ್‌ಬುಕ್ ಒಂದನ್ನು ಇದಕ್ಕೇ ಮೀಸಲಿಡು. ಎಡಗಡೆ ಜನ: ನಿನ್ನ ವಿಶ್ವವಿದ್ಯಾಲಯದಲ್ಲಿ, ಅದಕ್ಕೆ ಸೇರಿದ ಕಾಲೇಜುಗಳಲ್ಲಿ ಓದುವ, ಕೆಲಸ ಮಾಡುವ ನೆಂಟರು, ನಿನ್ನ ಗೈಡ್, ನಿನ್ನ ಜೊತೆ ಲೇಖನ ಬರೆದವರು. ಬಲಗಡೆ ಹಣ ಮತ್ತು ಸಮಯ: ಪುಸ್ತಕದ ರಾಯಧನ, ಮನೆಯವರ ವ್ಯಾಪಾರ, ಕೈಯಲ್ಲಿರುವ ಷೇರು, ಟ್ರಸ್ಟ್‌ಗಳಲ್ಲಿ ಸದಸ್ಯತ್ವ. ಪ್ರತಿ ವರ್ಷ ಕಾಲೇಜು ಶುರುವಾಗುವ ಮುಂಚೆ ತೆಗೆದು ತಿದ್ದು. ಪಟ್ಟಿ ಇದ್ದರೆ ನೆನಪು ಜಾರುವುದಿಲ್ಲ, ಮನಸ್ಸು ತನಗೆ ತಾನೇ ಸಬೂಬು ಹೇಳಿಕೊಳ್ಳುವುದಿಲ್ಲ.

- ನಿಯಮವನ್ನು ನೀನೇ ಓದು, ಸ್ಟಾಫ್ ರೂಮಿನಲ್ಲಿ ಕೇಳಿ ನಂಬಬೇಡ. ಯುಜಿಸಿಯ 2018ರ ನಿಯಮಾವಳಿಯಲ್ಲಿ ಅಧ್ಯಾಪಕರ ವೃತ್ತಿ ನೀತಿಸಂಹಿತೆ ಇದೆ. ಮುಖ್ಯ ಕೆಲಸಕ್ಕೆ ಅಡ್ಡಿಯಾಗುವ ಬೇರೆ ಉದ್ಯೋಗ, ಖಾಸಗಿ ಟ್ಯೂಷನ್, ಕೋಚಿಂಗ್ ತರಗತಿಗಳಿಂದ ದೂರ ಇರಬೇಕೆಂದು ಅದರಲ್ಲೇ ಸ್ಪಷ್ಟವಾಗಿ ಬರೆದಿದೆ. ಸರ್ಕಾರಿ ಪದವಿ ಕಾಲೇಜಿನ ನಿನ್ನ ಗೆಳತಿಯರಿಗೆ ರಾಜ್ಯ ಸರ್ಕಾರಿ ನೌಕರರ 2021ರ ನಡತೆ ನಿಯಮಗಳು ಅನ್ವಯಿಸುತ್ತವೆ. ನಿನಗೆ ನಿನ್ನ ವಿಶ್ವವಿದ್ಯಾಲಯದ ಪರಿನಿಯಮಗಳು. ಕುಲಸಚಿವರ ಕಚೇರಿಯಲ್ಲಿ ಪ್ರತಿ ಕೇಳು, ಓದು, ಗುರುತು ಹಾಕಿಕೋ.

- ಕಾನೂನಿನ ಕಣ್ಣಲ್ಲಿ ನೀನು ಸಾರ್ವಜನಿಕ ಸೇವಕಿ. 1988ರ ಭ್ರಷ್ಟಾಚಾರ ತಡೆ ಕಾಯ್ದೆಯ ವ್ಯಾಖ್ಯೆಯಲ್ಲಿ ಕುಲಪತಿ, ಪ್ರಾಧ್ಯಾಪಕ, ಉಪನ್ಯಾಸಕ ಎಲ್ಲರೂ ಬರುತ್ತಾರೆ. ವಿಶ್ವವಿದ್ಯಾಲಯ ಪರೀಕ್ಷೆಯ ಕೆಲಸಕ್ಕೆಂದು ಕರೆಸಿಕೊಂಡ ಹೊರಗಿನವರೂ ಬರುತ್ತಾರೆ. ಡೀಮ್ಡ್ ವಿಶ್ವವಿದ್ಯಾಲಯಗಳೂ ಇದಕ್ಕೆ ಹೊರತಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹೆದರಿಸಲು ಹೇಳುತ್ತಿಲ್ಲ. ಒಂದು ಪ್ರಾಯೋಗಿಕ ಪರೀಕ್ಷೆಗೆ ಹೋಗಿ ಕೂತರೂ ನಿನ್ನ ಕೈಯಲ್ಲಿರುವುದು ಸಾರ್ವಜನಿಕರ ಅಧಿಕಾರ ಎಂದು ತಿಳಿದಿರಲಿ.

- ಬಾಯಿಮಾತಿನ ಒಪ್ಪಿಗೆಯನ್ನು ನೆಚ್ಚಬೇಡ. "ಮಾಡಮ್ಮ, ನಾನಿದ್ದೀನಿ" ಎನ್ನುವ ವಿಭಾಗದ ಮುಖ್ಯಸ್ಥರು ಎರಡು ವರ್ಷಕ್ಕೆ ಬದಲಾಗುತ್ತಾರೆ. ನಿನ್ನ ಕಾಗದ ಬದಲಾಗುವುದಿಲ್ಲ. ಮುಖ್ಯಸ್ಥರ ಮೂಲಕ ಕುಲಸಚಿವರಿಗೆ ಬರೆ, ಟಪಾಲು ಶಾಖೆಯಲ್ಲಿ ಕೊಟ್ಟು ನಿನ್ನ ಪ್ರತಿಯ ಮೇಲೆ ಮೊಹರು, ದಿನಾಂಕ, ಇನ್‌ವರ್ಡ್ ನಂಬರ್ ಹಾಕಿಸಿಕೋ. ಅನುಮತಿ ಬರುವ ತನಕ ಕೆಲಸ ಶುರುಮಾಡಬೇಡ. ಉತ್ತರ ಬರಲಿಲ್ಲವೆಂದರೆ ಅನುಮತಿ ಸಿಕ್ಕಿತೆಂದಲ್ಲ, ಇನ್ನೊಮ್ಮೆ ಬರೆ.

ಪರೀಕ್ಷೆ, ಮೌಲ್ಯಮಾಪನ

- ನಿನ್ನವರು ಪರೀಕ್ಷೆಗೆ ಕೂತ ವರ್ಷ ನೀನು ಆ ವಿಷಯದಿಂದ ದೂರ ಇರು. ನನ್ನ ಅಕ್ಕನ ಮಗ ಬಿಎಸ್ಸಿ ಕೊನೆಯ ವರ್ಷದಲ್ಲಿದ್ದಾಗ ನನಗೆ ಮೌಲ್ಯಮಾಪನದ ಆದೇಶ ಬಂತು. ಬೇಡವೆಂದು ಪತ್ರ ಹಿಡಿದು ಹೋದೆ. ಪರೀಕ್ಷಾ ವಿಭಾಗದ ಹಿರಿಯರು, "ಕೋಡಿಂಗ್ ಇದೆಯಲ್ಲಮ್ಮ, ನಂಬರ್ ಕಾಣೋದಿಲ್ಲ, ಯಾರ ಪತ್ರಿಕೆ ಅಂತ ನಿಮಗೆ ಹೇಗೆ ಗೊತ್ತಾಗುತ್ತೆ?" ಎಂದರು. ನಾನು ಹೇಳಿದೆ, "ಸಾರ್, ಆ ಹುಡುಗನ ಕೈ ಹಿಡಿದು ಸ್ಲೇಟಿನ ಮೇಲೆ ಅಕ್ಷರ ತಿದ್ದಿಸಿದವಳು ನಾನೇ. ಅವನ ಅಕ್ಷರ ನನಗೆ ಕತ್ತಲಲ್ಲೂ ಗೊತ್ತಾಗುತ್ತೆ." ಅವರು ಪತ್ರ ತೆಗೆದುಕೊಂಡು ಸುಮ್ಮನೆ ಸಹಿ ಹಾಕಿದರು. ನಿಯಮ ನಂಬರ್ ಮುಚ್ಚಬಲ್ಲದು, ಬರಹ ಮುಚ್ಚಲಾರದು. ಅಲ್ಲಿಂದ ಮುಂದಿನದು ನಮ್ಮ ಪಾಲಿನ ಕೆಲಸ.

- ಪ್ರಶ್ನೆಪತ್ರಿಕೆ ಬರೆಯುವ ವರ್ಷ ಇನ್ನೂ ಬಿಗಿ. ಮನೆಯಲ್ಲಿ, ನೆಂಟರಲ್ಲಿ ಆ ಪರೀಕ್ಷೆ ಬರೆಯುವವರಿದ್ದರೆ ಪರೀಕ್ಷಾ ಮಂಡಳಿಯ ಅಧ್ಯಕ್ಷರಿಗೆ ಬರೆದು ಕೈಬಿಡು. ಒಪ್ಪಿಕೊಂಡ ವರ್ಷ ಆ ವಿಷಯದ "ಮುಖ್ಯ ಪ್ರಶ್ನೆಗಳು" ಯಾರಿಗೂ ಹೇಳಿಕೊಡಬೇಡ. ನೀನು ಊಹೆಯಿಂದ ಹೇಳಿದರೂ ಕೇಳಿದವರಿಗೆ ಅದು ಊಹೆಯಾಗಿ ಕಾಣುವುದಿಲ್ಲ.

- ಆಂತರಿಕ ಅಂಕಗಳ ಲೆಕ್ಕ ಬೋರ್ಡಿನ ಮೇಲಿರಲಿ. ಟೆಸ್ಟಿಗೆ ಎಷ್ಟು, ಅಸೈನ್‌ಮೆಂಟಿಗೆ ಎಷ್ಟು, ಹಾಜರಾತಿಗೆ ಎಷ್ಟು ಎಂದು ಸೆಮಿಸ್ಟರ್ ಆರಂಭದಲ್ಲೇ ಹೇಳು. ತಿದ್ದಿದ ಪತ್ರಿಕೆಯನ್ನು ಮಕ್ಕಳ ಕೈಗೆ ಕೊಟ್ಟು ತೋರಿಸು. ಎಲ್ಲರಿಗೂ ಕಾಣುವ ಲೆಕ್ಕದಲ್ಲಿ ದಾಕ್ಷಿಣ್ಯಕ್ಕೆ ಜಾಗವೇ ಇರುವುದಿಲ್ಲ. ಶಿಫಾರಸಿಗೆ ಬಂದವರಿಗೂ "ನೋಡಿ, ಇಲ್ಲಿದೆ" ಎಂದು ತೋರಿಸಿ ಕಳಿಸಬಹುದು.

- ಹೊರಗಿನ ಪರೀಕ್ಷಕಿಯಾಗಿ ಹೋದಾಗ ಊಟ ಮಾಡು, ಕವರ್ ಮುಟ್ಟಬೇಡ. ಬೇರೆ ಊರಿನ ಕಾಲೇಜಿಗೆ ಪ್ರಾಯೋಗಿಕ ಪರೀಕ್ಷೆಗೆ ಹೋದರೆ ಬಾಳೆಲೆ ಊಟ, ಕಾಫಿ, ಬಸ್ ನಿಲ್ದಾಣದ ತನಕ ಒಂದು ಆಟೋ, ಇಷ್ಟು ನಮ್ಮ ಕಡೆಯ ಮರ್ಯಾದೆ. ಅದನ್ನು ತಿರಸ್ಕರಿಸಿ ಯಾರ ಮನಸ್ಸನ್ನೂ ನೋಯಿಸಬೇಡ. ಹೊರಡುವಾಗ ಶಾಲಿನ ಮಡಿಕೆಯಲ್ಲಿ, ಹಣ್ಣಿನ ಬುಟ್ಟಿಯ ತಳದಲ್ಲಿ ಬರುವುದು ಬೇರೆ. ನಿನ್ನ ಪ್ರಯಾಣಭತ್ಯೆ, ದಿನಭತ್ಯೆ, ಸಂಭಾವನೆ ವಿಶ್ವವಿದ್ಯಾಲಯ ಕೊಡುತ್ತದೆ. ಎರಡನೇ ಕೈಯಿಂದ ಬಂದದ್ದು ಅಂಕಪಟ್ಟಿಗೆ ಸಹಿ ಹಾಕುವಾಗ ನೆನಪಾಗುತ್ತದೆ. ಕೊಟ್ಟವರೂ ನೆನಪಿಟ್ಟುಕೊಳ್ಳುತ್ತಾರೆ.

ಪಠ್ಯಕ್ರಮ, ಪುಸ್ತಕ

- ನಿನ್ನ ಪುಸ್ತಕಕ್ಕೆ ನೀನೇ ಗಿರಾಕಿ ಹುಡುಕಬೇಡ. ಇದು ನಾನೇ ಮಾಡಿದ ತಪ್ಪು, ಅದಕ್ಕೇ ವಿವರವಾಗಿ ಹೇಳುತ್ತೇನೆ. ಕೆಲಸಕ್ಕೆ ಸೇರಿ ಒಂಬತ್ತು ವರ್ಷವಾಗಿತ್ತು. ಅಧ್ಯಯನ ಮಂಡಳಿಯಲ್ಲಿ ಸದಸ್ಯೆಯಾಗಿದ್ದೆ. ಸಹೋದ್ಯೋಗಿಯೊಬ್ಬರ ಜೊತೆ ಬರೆದ ಪ್ರಯೋಗಾಲಯದ ಕೈಪಿಡಿಯನ್ನು ಪಠ್ಯಕ್ರಮದ ಪುಸ್ತಕಪಟ್ಟಿಯಲ್ಲಿ ಮೊದಲನೆಯದಾಗಿ ಸೇರಿಸಿದಾಗ ನಾನು ಅದೇ ಮೇಜಿನ ಮುಂದೆ ಕೂತಿದ್ದೆ. ಒಳ್ಳೆಯ ಪುಸ್ತಕವೇ, ಯಾರೂ ಆಕ್ಷೇಪಿಸಲಿಲ್ಲ. ಜುಲೈ ತಿಂಗಳಲ್ಲಿ ಹಾಸ್ಟೆಲಿನ ಹುಡುಗಿಯೊಬ್ಬಳು ನನ್ನ ಕೋಣೆಯ ಬಾಗಿಲಲ್ಲಿ ನಿಂತಳು. ಕೈಯಲ್ಲಿ ನನ್ನ ಪುಸ್ತಕ. ಸೀನಿಯರ್‌ನಿಂದ ಅರ್ಧ ಬೆಲೆಗೆ ಕೊಂಡ ಹಳೆಯ ಪ್ರತಿ. ಹಳೆಯದೆಂದು ಕಾಣದಿರಲಿ ಎಂದು ಕ್ಯಾಲೆಂಡರ್ ಹಾಳೆಯ ರಟ್ಟು ಹಾಕಿ, ಮೂಲೆಗಳನ್ನು ಬೆರಳಿನಿಂದ ಮುಚ್ಚಿ ಹಿಡಿದಿದ್ದಳು. "ಮೇಡಂ, ಹೊಸದು ತಗೊಳ್ಳದೇ ಇದ್ರೆ ಇಂಟರ್ನಲ್ಸ್‌ನಲ್ಲಿ ಕಡಿಮೆ ಆಗುತ್ತಾ?" ಎಂದು ಕೇಳಿದಳು. ನಾನು ಎಂದೂ ಹಾಗೆ ಹೇಳಿರಲಿಲ್ಲ, ಯೋಚಿಸಿಯೂ ಇರಲಿಲ್ಲ. ಆದರೆ ಪುಸ್ತಕ ನನ್ನದು, ಅಂಕವೂ ನನ್ನದು. ಆ ಹುಡುಗಿಗೆ ಎರಡೂ ಒಂದಕ್ಕೊಂದು ಅಂಟಿಕೊಂಡು ಕಂಡವು. ಇಷ್ಟು ವರ್ಷವಾದರೂ ಆ ಬೆರಳುಗಳು ಕಣ್ಣ ಮುಂದಿವೆ.

- ಪುಸ್ತಕ ಬರೆಯುವುದನ್ನು ನಿಲ್ಲಿಸಬೇಡ, ದಾರಿ ಸರಿಮಾಡಿಕೋ. ಕನ್ನಡದಲ್ಲಿ ಪದವಿಮಟ್ಟದ ವಿಜ್ಞಾನ ಪುಸ್ತಕಗಳು ಬೇಕೇ ಬೇಕು. ನಿನ್ನ ಪುಸ್ತಕ ಮಂಡಳಿಯ ಮುಂದೆ ಬಂದಾಗ "ಇದು ನನ್ನದು" ಎಂದು ಹೇಳಿ ಹೊರಗೆ ಹೋಗು, ಹೋದದ್ದು ನಡಾವಳಿಯಲ್ಲಿ ದಾಖಲಾಗಲಿ. ಪಟ್ಟಿಯಲ್ಲಿ ಬೇರೆಯವರ ಎರಡು ಮೂರು ಪುಸ್ತಕಗಳೂ ಇರಲಿ. ಗ್ರಂಥಾಲಯಕ್ಕೆ ಸಾಕಷ್ಟು ಪ್ರತಿ ನೀನೇ ಕೊಡು. ತರಗತಿಯಲ್ಲಿ ಒಂದು ಮಾತು ಬಾಯಿಬಿಟ್ಟು ಹೇಳು: "ಈ ಪುಸ್ತಕ ಕೊಳ್ಳಬೇಕಾಗಿಲ್ಲ, ಹಳೆಯದಾದರೂ ಆದೀತು." ಆ ವರ್ಷದ ನಂತರ ನಾನು ಹಾಗೆಯೇ ನಡೆದುಕೊಂಡೆ.

- ಪ್ರಕಾಶಕರ ಉಡುಗೊರೆ ಬೇಡ. ಪರಿಶೀಲನೆಗೆಂದು ಕಳಿಸಿದ ಪ್ರತಿಗಳನ್ನು ಓದಿ ವಿಭಾಗದ ಗ್ರಂಥಾಲಯದಲ್ಲಿಡು. ಡೈರಿ, ಬ್ಯಾಗು, ಪ್ರವಾಸ ಎಂದು ಬಂದರೆ ವಂದನೆ ಹೇಳಿ ಹಿಂದಕ್ಕೆ ಕಳಿಸು.

ಸಂಶೋಧನೆ, ಸಂಶೋಧನಾ ವಿದ್ಯಾರ್ಥಿಗಳು

- ವಿದ್ಯಾರ್ಥಿಯ ಹೊತ್ತು ನಿನ್ನ ಆಸ್ತಿಯಲ್ಲ. ಪಿಎಚ್‌ಡಿ ವಿದ್ಯಾರ್ಥಿ ಗೈಡ್‌ನ ಸಹಿಗಾಗಿ ನಾಲ್ಕೈದು ವರ್ಷ ಕಾಯುವ ಜೀವ. ಅವನಿಂದ ಗ್ಯಾಸ್ ಬುಕ್ ಮಾಡಿಸುವುದು, ಮಗುವನ್ನು ಶಾಲೆಯಿಂದ ಕರೆತರಿಸುವುದು, ನಿನ್ನ ಹೊರಗಿನ ಪ್ರಾಜೆಕ್ಟಿನ ಮಾದರಿಗಳನ್ನು ಪುಕ್ಕಟೆ ಪರೀಕ್ಷೆ ಮಾಡಿಸುವುದು, ಇವೆಲ್ಲ ಅವನು ಬೇಡ ಎನ್ನಲಾರದ ಕೆಲಸಗಳು. ಬೇಡ ಎನ್ನಲಾರದವರು ಒಪ್ಪಿದರೆ ಅದನ್ನು ಒಪ್ಪಿಗೆ ಎಂದು ಲೆಕ್ಕಕ್ಕೆ ತೆಗೆದುಕೊಳ್ಳಬೇಡ.

- ಮಿತಿಯನ್ನು ಗೌರವಿಸು. ಯುಜಿಸಿಯ 2022ರ ಪಿಎಚ್‌ಡಿ ನಿಯಮದಂತೆ ಒಂದು ಕಾಲಕ್ಕೆ ಸಹಾಯಕ ಪ್ರಾಧ್ಯಾಪಕರು 4, ಸಹ ಪ್ರಾಧ್ಯಾಪಕರು 6, ಪ್ರಾಧ್ಯಾಪಕರು 8 ವಿದ್ಯಾರ್ಥಿಗಳಿಗೆ ಮಾತ್ರ ಗೈಡ್ ಆಗಬಹುದು. ಮನೆಯವರನ್ನು, ಹತ್ತಿರದ ನೆಂಟರನ್ನು ನಿನ್ನ ಕೈಕೆಳಗೆ ನೋಂದಾಯಿಸಿಕೊಳ್ಳಬೇಡ. ವಿಷಯ ಎಷ್ಟೇ ಒಪ್ಪಿದರೂ ಬೇರೆ ಗೈಡ್ ಇದ್ದಾರೆ. ಅವರ ಹತ್ತಿರ ಕಳಿಸು.

- "ನೀ ನನಗಿದ್ದರೆ ನಾ ನಿನಗೆ" ಆಟಕ್ಕೆ ಇಳಿಯಬೇಡ. ನನ್ನ ವಿದ್ಯಾರ್ಥಿಯ ಪ್ರಬಂಧಕ್ಕೆ ನೀವು ಪರೀಕ್ಷಕರು, ನಿಮ್ಮವರದಕ್ಕೆ ನಾನು. ಇದು ಎಷ್ಟೋ ವಿಭಾಗಗಳ ರೂಢಿ. ಪರೀಕ್ಷಕರ ಹೆಸರುಗಳ ಪಟ್ಟಿ ಕೊಡುವಾಗ ನಿನ್ನ ಗೈಡ್, ನಿನ್ನ ಸಹಲೇಖಕರು, ಈಚೆಗೆ ನಿನ್ನನ್ನು ಕರೆದು ಶಾಲು ಹೊದಿಸಿದವರು, ಇವರನ್ನು ಬಿಟ್ಟು ಹೆಸರು ಹುಡುಕು. ವೈವಾದಲ್ಲಿ ಗಟ್ಟಿ ಪ್ರಶ್ನೆ ಕೇಳಿಸಿಕೊಂಡು ಪಾಸಾದ ಹುಡುಗಿ ಜೀವನವಿಡೀ ತಲೆಯೆತ್ತಿ ನಡೆಯುತ್ತಾಳೆ. ಹಸ್ತಲಾಘವದಲ್ಲಿ ಪಾಸಾದವಳಿಗೆ ಆ ಭಾಗ್ಯವಿಲ್ಲ.

- ದುಡಿಯದ ಲೇಖನಕ್ಕೆ ಹೆಸರು ಹಾಕಿಸಿಕೊಳ್ಳಬೇಡ. ಬಡ್ತಿಗೆ ಅಂಕ ಬೇಕು, ನಿಜ. ಹಾಗೆಂದು ವಿದ್ಯಾರ್ಥಿಯ ಬೆವರಿನ ಮೇಲೆ ನಿನ್ನ ಹೆಸರು ಮೊದಲು ಕೂರಬಾರದು. ಲೇಖನದ ಕೊನೆಯಲ್ಲಿ ಹಿತಾಸಕ್ತಿ ಘೋಷಣೆಗೆ ಜಾಗ ಇರುತ್ತದೆ. ಅಲ್ಲಿ "ಇಲ್ಲ" ಎಂದು ಬರೆಯುವ ಮುಂಚೆ ನಿನ್ನ ನೋಟ್‌ಬುಕ್ ತೆಗೆದು ನೋಡು.

- ಹಣ ಕೊಟ್ಟವರ ಫಲಿತಾಂಶವನ್ನು ಎರಡು ಸಲ ಅನುಮಾನಿಸು. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ 1999ರಲ್ಲಿ ಜೆಸ್ಸಿ ಗೆಲ್ಸಿಂಗರ್ ಎಂಬ 18 ವರ್ಷದ ಹುಡುಗ ಜೀನ್ ಚಿಕಿತ್ಸೆಯ ಪ್ರಯೋಗದಲ್ಲಿ ತೀರಿಕೊಂಡ. ಅವನಿಗಿದ್ದದ್ದು ಆಹಾರ ಪಥ್ಯ ಮತ್ತು ಔಷಧದಿಂದ ಹತೋಟಿಯಲ್ಲಿದ್ದ ಯಕೃತ್ತಿನ ತೊಂದರೆ. ಸಂಶೋಧನಾ ಕೇಂದ್ರದ ಮುಖ್ಯಸ್ಥರು ಅದೇ ಕ್ಷೇತ್ರದ ಕಂಪನಿಯೊಂದರ ಸ್ಥಾಪಕರು, ಅದರಲ್ಲಿ ಪಾಲುದಾರರು. ವಿಶ್ವವಿದ್ಯಾಲಯಕ್ಕೂ ಪಾಲಿತ್ತು. ಸಾವಿಗೆ ಕಾರಣ ಲಾಭದ ಆಸೆಯೇ ಎಂದು ಯಾರೂ ತಕ್ಕಡಿಯಲ್ಲಿ ತೂಗಿ ಹೇಳಲಾರರು. ಆದರೆ ಚುಚ್ಚುಮದ್ದು ಕೊಡುವ ಸಂಸ್ಥೆಗೆ ಅದರ ಯಶಸ್ಸಿನಲ್ಲಿ ಪಾಲಿದ್ದರೆ ಮಗನನ್ನು ಕಳೆದುಕೊಂಡ ತಂದೆಯ ಪ್ರಶ್ನೆಗೆ ಉತ್ತರ ಉಳಿಯುವುದಿಲ್ಲ. ಆ ಸಾವಿನ ನಂತರ ಅಲ್ಲಿನ ವಿಶ್ವವಿದ್ಯಾಲಯಗಳು ಹಿತಾಸಕ್ತಿ ನಿಯಮಗಳನ್ನು ಗಂಭೀರವಾಗಿ ತಿದ್ದಿಕೊಂಡವು.

ಸಮಿತಿಗಳಲ್ಲಿ ಕೂತಾಗ

- ಅರ್ಧ ಎದ್ದು ಹೋದರೆ ಸಾಲದು. ಒಂದು ಹಳೆಯ ಮೊಕದ್ದಮೆ ಹೇಳುತ್ತೇನೆ, ಕ್ರೈಪಾಕ್ ಪ್ರಕರಣ ಎಂದು ಕಾನೂನು ಓದುವವರೆಲ್ಲ ಬಲ್ಲರು. ಜಮ್ಮು ಕಾಶ್ಮೀರದಲ್ಲಿ ಭಾರತೀಯ ಅರಣ್ಯ ಸೇವೆಗೆ ಅಧಿಕಾರಿಗಳನ್ನು ಆರಿಸುವ ಮಂಡಳಿಯಲ್ಲಿದ್ದ ಒಬ್ಬರು ತಾವೇ ಅಭ್ಯರ್ಥಿಯೂ ಆಗಿದ್ದರು. ತಮ್ಮ ಹೆಸರು ಬಂದಾಗ ಚರ್ಚೆಯಲ್ಲಿರಲಿಲ್ಲ. ಪ್ರತಿಸ್ಪರ್ಧಿಗಳ ಹೆಸರು ಬಂದಾಗ, ಅರ್ಹತಾ ಪಟ್ಟಿ ತಯಾರಾದಾಗ ಕೂತಿದ್ದರು. 1969ರಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಆ ಆಯ್ಕೆಯನ್ನೇ ರದ್ದು ಮಾಡಿತು. ತೀರ್ಪು ಬರೆದವರು ನಮ್ಮ ಕಾರ್ಕಳ ಕಡೆಯ ನ್ಯಾಯಮೂರ್ತಿ ಕೆ.ಎಸ್. ಹೆಗ್ಡೆ. ಆ ಮಂಡಳಿ ಸದಸ್ಯರ ಮನಸ್ಸು ನಿಜಕ್ಕೂ ವಾಲಿತ್ತೇ ಎಂದು ಕೋರ್ಟು ಅಳೆಯಲು ಹೋಗಲಿಲ್ಲ. ವಾಲುವ ಸಂಭವ ಸಹಜವಾಗಿ ಇತ್ತೇ ಎಂದಷ್ಟೇ ನೋಡಿತು. ನಿನಗೆ ಬೇಕಾದವರು ಅಭ್ಯರ್ಥಿಯಾಗಿದ್ದರೆ ಅವರ ಸಂದರ್ಶನದ ಹತ್ತು ನಿಮಿಷ ಹೊರಗೆ ನಿಂತು ಉಳಿದವರಿಗೆ ಅಂಕ ಹಾಕಲು ಒಳಗೆ ಬರಬೇಡ. ಇಡೀ ಆಯ್ಕೆಯಿಂದಲೇ ಹೊರಗಿರು.

- ಕಾಣಿಸುವುದಕ್ಕೂ ಬೆಲೆಯಿದೆ. ಈಚಲ ಮರದ ಕೆಳಗೆ ಕೂತು ಮಜ್ಜಿಗೆ ಕುಡಿದರೂ ನೋಡಿದವರಿಗೆ ಹೆಂಡ. ಸಂದರ್ಶನದ ಹಿಂದಿನ ದಿನ ಅಭ್ಯರ್ಥಿಯ ಮನೆಯ ಗೃಹಪ್ರವೇಶಕ್ಕೆ ಹೋಗಿ ಬಂದರೆ ನೀನು ಎಷ್ಟು ನ್ಯಾಯವಾಗಿ ನಡೆದರೂ ಸೋತವರು ನಂಬುವುದಿಲ್ಲ. ಸೋತವರು ನಂಬುವಂತೆ ನಡೆಯಬೇಕಾದದ್ದೇ ಸಮಿತಿಯ ಕೆಲಸ.

- ಖರೀದಿಯಲ್ಲಿ ಅಂಗಡಿಯವರ ಕೈಬರಹ ಬೇಡ. ಉಪಕರಣ ಬೇಕಾದಾಗ ಮಾರಾಟ ಪ್ರತಿನಿಧಿ ತಾನೇ ವಿವರಪಟ್ಟಿ ಟೈಪ್ ಮಾಡಿ ತಂದುಕೊಡುತ್ತಾನೆ. ಅದನ್ನೇ ಟೆಂಡರಿಗೆ ಹಾಕಿದರೆ ಬೇರೆ ಕಂಪನಿಗಳಿಗೆ ಬಾಗಿಲು ಮುಚ್ಚಿದ ಹಾಗೆ. ನಮ್ಮ ರಾಜ್ಯದಲ್ಲಿ 1999ರ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ ಇರುವುದೇ ಇದಕ್ಕಾಗಿ. ನಿನಗೆ ಬೇಕಾದ ಅಳತೆ, ನಿಖರತೆ ಏನೆಂದು ನೀನೇ ಬರೆ. ಗಾಜಿನ ಸಾಮಾನು, ರಾಸಾಯನಿಕಗಳ ಸಣ್ಣ ಬಿಲ್ಲುಗಳಲ್ಲೂ ಇದೇ ಎಚ್ಚರ ಇರಲಿ. ಮನೆಯವರ, ನೆಂಟರ ಅಂಗಡಿ ಕೊಟೇಷನ್ ಕೊಟ್ಟಿದ್ದರೆ ಸಮಿತಿಯಲ್ಲಿ ಹೇಳಿ ಎದ್ದುಬಿಡು.

- ತಪಾಸಣೆಗೆ ಹೋದ ಕಾಲೇಜಿನಲ್ಲಿ ಅತಿಥಿಯಾಗಬೇಡ. ಸ್ಥಳೀಯ ವಿಚಾರಣಾ ಸಮಿತಿಯಲ್ಲಿ ಸಂಯೋಜನೆಯ ತಪಾಸಣೆಗೆ ಹೋಗುವ ದಿನ ನಿನಗೂ ಬರುತ್ತದೆ. ಪ್ರಯೋಗಾಲಯ ಇಲ್ಲದ ಕಡೆ ಇದೆ ಎಂದು ಬರೆದರೆ ಮೂರು ವರ್ಷ ಮಕ್ಕಳು ಟೈಟ್ರೇಶನ್ ಅನ್ನು ಬೋರ್ಡಿನ ಮೇಲೆ ಕಲಿಯುತ್ತಾರೆ. 2025ರ ಫೆಬ್ರವರಿಯಲ್ಲಿ ಲಂಚದ ಆರೋಪದ ಮೇಲೆ, ಕಾಲೇಜುಗಳ ಗುಣಮಟ್ಟ ಅಳೆದು ಮಾನ್ಯತೆ ಕೊಡುವ ನ್ಯಾಕ್‌ನ ಪರಿಶೀಲನಾ ತಂಡದ ಸದಸ್ಯರನ್ನು ಸಿಬಿಐ ಬಂಧಿಸಿದ ಸುದ್ದಿ ನೀನೂ ಓದಿದ್ದೀಯ. ಆ ಬೆಳಿಗ್ಗೆ ಪೇಪರ್ ಹಿಡಿದು ಕೂತಾಗ ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಆರೋಪ ಸಾಬೀತಾಗುವುದು ಕೋರ್ಟಿನ ವಿಚಾರ, ಆದರೆ ಪ್ರಾಧ್ಯಾಪಕ ಎಂಬ ಪದ ಅಂಥ ಸುದ್ದಿಯಲ್ಲಿ ಬರಬಾರದಿತ್ತು.

ಹೊರಗಿನ ಕೆಲಸ, ಹೊರಗಿನ ಗಳಿಕೆ

- ಈಗ ನಿನ್ನ ಪ್ರಶ್ನೆಗೆ ಉತ್ತರ: ಮಾವನವರ ಕೋಚಿಂಗ್ ಸೆಂಟರಿನಲ್ಲಿ ಪಾಠ ಬೇಡ. ಭಾನುವಾರವಾದರೂ ಬೇಡ, ಸಂಬಳ ಇಲ್ಲದಿದ್ದರೂ ಬೇಡ. ನಿನ್ನ ಹೆಸರಿನ ಮುಂದೆ ವಿಶ್ವವಿದ್ಯಾಲಯದ ಹೆಸರು ಸೇರಿ ಫ್ಲೆಕ್ಸ್ ಮೇಲೆ ಬಂದ ದಿನ ಆ ಹೆಸರನ್ನು ಮಾರಿದ ಹಾಗೆ. ಅಲ್ಲಿ ಕಲಿತ ಮಕ್ಕಳು ನಾಳೆ ನಿನ್ನ ತರಗತಿಗೇ ಬರಬಹುದು. ಮಾವನವರಿಗೆ ಇದನ್ನು ನಿನ್ನ ಯಜಮಾನರ ಮೂಲಕ ಹೇಳಿಸಬೇಡ, ನೀನೇ ಕೂತು ಹೇಳು. "ಮಾವ, ನೀವು ಕಟ್ಟಿದ ಸಂಸ್ಥೆಯ ಮೇಲೆ ನನಗೆ ಗೌರವ ಇದೆ. ನನ್ನ ಕೆಲಸದ ನಿಯಮ ಇದಕ್ಕೆ ಬಿಡೋದಿಲ್ಲ. ಬಡವರ ಮಕ್ಕಳು ಯಾರಾದ್ರೂ ಅರ್ಥವಾಗಲಿಲ್ಲ ಅಂತ ಬಂದ್ರೆ ಮನೆ ಜಗುಲಿ ಮೇಲೆ ಪುಕ್ಕಟೆ ಹೇಳಿಕೊಡ್ತೀನಿ." ಹಿರಿಯರು ನಾವು ಅಂದುಕೊಂಡದ್ದಕ್ಕಿಂತ ಬೇಗ ಅರ್ಥಮಾಡಿಕೊಳ್ಳುತ್ತಾರೆ. ಮನೆಯಲ್ಲೇ ಈ ವ್ಯವಹಾರ ಇದೆ ಎಂಬುದನ್ನು ನಿನ್ನ ಪಟ್ಟಿಯಲ್ಲೂ ಕುಲಸಚಿವರಿಗೆ ಕೊಡುವ ಪತ್ರದಲ್ಲೂ ಬರೆ.

- ಸಲಹಾ ಕೆಲಸ ವಿಶ್ವವಿದ್ಯಾಲಯದ ಬಾಗಿಲಿನಿಂದಲೇ ಬರಲಿ. ನಿನ್ನ ವಿದ್ಯೆ ಊರಿಗೆ ಉಪಯೋಗವಾಗಬೇಕು. ಕಾರ್ಖಾನೆಗಳಿಗೆ, ಪಂಚಾಯಿತಿಗಳಿಗೆ ನೀರು ಪರೀಕ್ಷಿಸಿಕೊಡುವುದು ಒಳ್ಳೆಯ ಕೆಲಸ. ಒಪ್ಪಂದ ವಿಶ್ವವಿದ್ಯಾಲಯದ ಜೊತೆ ಆಗಲಿ, ಚೆಕ್ ಅದರ ಖಾತೆಗೆ ಬರಲಿ, ನಿಯಮದಂತೆ ನಿನ್ನ ಪಾಲು ನಿನಗೆ ಸೇರಲಿ. ವಿಭಾಗದ ಉಪಕರಣ, ಕರೆಂಟು, ರಾಸಾಯನಿಕ ಬಳಸಿ ಹಣವನ್ನು ಸ್ವಂತ ಖಾತೆಗೆ ಹಾಕಿಕೊಂಡರೆ ಅದು ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ.

- ಒಂದೇ ಕಾರ್ಖಾನೆಯ ಹಣ ಮತ್ತು ಅದೇ ಕಾರ್ಖಾನೆಯ ತ್ಯಾಜ್ಯನೀರಿನ ವರದಿ ಒಟ್ಟಿಗೆ ಬೇಡ. ನಿನ್ನ ಪ್ರಾಜೆಕ್ಟಿಗೆ ಅನುದಾನ ಕೊಟ್ಟ ಕಂಪನಿಯ ಕೊಳವೆಯಿಂದ ಬರುವ ನೀರಿನಲ್ಲಿ ಕ್ರೋಮಿಯಂ ಇದೆಯೇ ಎಂದು ನೀನೇ ಹೇಳಬೇಕಾಗಿ ಬಂದರೆ ಒಂದನ್ನು ಬಿಡು. ಆ ನೀರು ಹೋಗಿ ಸೇರುವುದು ಯಾರದೋ ಬೋರ್‌ವೆಲ್ಲಿಗೆ. ಅವರಿಗೆ ನಿನ್ನ ಅನುದಾನದ ವಿಷಯ ಗೊತ್ತಿಲ್ಲ, ನಿನ್ನ ಸಹಿಯನ್ನು ನಂಬಿ ನೀರು ಕುಡಿಯುತ್ತಾರೆ.

- ಕಂಪನಿ ಕಟ್ಟುವ ಆಸೆಯಿದ್ದರೆ ಬೆಳಕಿನಲ್ಲಿ ಕಟ್ಟು. ಈಗ ವಿಶ್ವವಿದ್ಯಾಲಯಗಳೇ ಸ್ಟಾರ್ಟಪ್‌ಗಳನ್ನು ಪ್ರೋತ್ಸಾಹಿಸುತ್ತವೆ. ಪೇಟೆಂಟ್ ಯಾರ ಹೆಸರಿಗೆ, ಪಾಲು ಎಷ್ಟು, ವಿದ್ಯಾರ್ಥಿ ದುಡಿದರೆ ಅವನಿಗೇನು ಎಂಬುದು ಮೊದಲ ದಿನವೇ ಲಿಖಿತವಾಗಿರಲಿ. ನಿನ್ನ ಕಂಪನಿಯಲ್ಲಿ ಕೆಲಸ ಮಾಡುವ ವಿದ್ಯಾರ್ಥಿಯ ಪ್ರಬಂಧಕ್ಕೆ ನೀನೊಬ್ಬಳೇ ಗೈಡ್ ಆಗಿರಬೇಡ. ಅವನು ಕಂಡುಹಿಡಿದದ್ದನ್ನು ವ್ಯಾಪಾರದ ಗುಟ್ಟೆಂದು ಬಚ್ಚಿಟ್ಟು ಅವನ ಪಿಎಚ್‌ಡಿ ತಡಮಾಡಬೇಡ.

- ಹಣ ಬಾರದ ಕೆಲಸವೂ ಹೊತ್ತನ್ನು ತಿನ್ನುತ್ತದೆ. 2018ರ ನಿಯಮಾವಳಿಯಂತೆ ಅಧ್ಯಾಪಕರ ಕೆಲಸ ವಾರಕ್ಕೆ 40 ಗಂಟೆಗೆ ಕಡಿಮೆಯಿಲ್ಲ, ವರ್ಷಕ್ಕೆ 30 ವಾರ. ಅದರಲ್ಲಿ ಸಹಾಯಕ ಪ್ರಾಧ್ಯಾಪಕರ ನೇರ ಪಾಠ 16 ಗಂಟೆ. ದಿನಕ್ಕೆ ಕನಿಷ್ಠ 5 ಗಂಟೆ ಕ್ಯಾಂಪಸ್ಸಿನಲ್ಲಿ ಸಿಗಬೇಕು. ಅಮೆರಿಕದ ಅನೇಕ ವಿಶ್ವವಿದ್ಯಾಲಯಗಳು ಹೊರಗಿನ ಕೆಲಸಕ್ಕೆ ವಾರಕ್ಕೊಂದು ದಿನ ಎಂದು ಎಲ್ಲೆ ಹಾಕಿವೆ. ನೀನೂ ಒಂದು ಎಲ್ಲೆ ಹಾಕಿಕೋ. ಉಪನ್ಯಾಸ, ಸಮ್ಮೇಳನ, ಸಂದರ್ಶನ ಸಮಿತಿ ಎಂದು ತಿಂಗಳಲ್ಲಿ ಎಂಟು ದಿನ ಓಓಡಿ (ಹೊರಗಿನ ಕರ್ತವ್ಯದ ರಜೆ) ಹಾಕಿದರೆ ತರಗತಿಯಲ್ಲಿ ಕೂತ ಅರವತ್ತು ಮಕ್ಕಳು ಖಾಲಿ ಬೋರ್ಡ್ ನೋಡುತ್ತಾರೆ. ಅವರ ಫೀಸಿಗೆ ಓಓಡಿ ಇಲ್ಲ.

- ಒಳ್ಳೆಯ ಹೊರಗಿನ ಕೆಲಸವನ್ನು ಬಿಡಬೇಡ. ಹಳ್ಳಿ ಶಾಲೆಯಲ್ಲಿ ವಿಜ್ಞಾನದ ಮಾತು, ಆಕಾಶವಾಣಿಯಲ್ಲಿ ಹತ್ತು ನಿಮಿಷ, ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ 'ಬಾಲ ವಿಜ್ಞಾನ'ಕ್ಕೆ ಒಂದು ಲೇಖನ, ಇವು ನಮ್ಮ ಸಂಬಳದ ಋಣ ತೀರಿಸುವ ದಾರಿಗಳು. ಇವಕ್ಕೂ ವಿಭಾಗಕ್ಕೆ ತಿಳಿಸಿ ಹೋಗು, ತಪ್ಪಿದ ತರಗತಿಯನ್ನು ಶನಿವಾರ ತೆಗೆದುಕೋ.

- ಸಂಘಗಳ ಪದವಿಯಲ್ಲಿ ಎಚ್ಚರ. ಸಮುದಾಯದ ಸಂಘ, ವಿದ್ಯಾರ್ಥಿನಿಲಯದ ಟ್ರಸ್ಟ್, ಮಠದ ಕಾಲೇಜಿನ ಆಡಳಿತ ಮಂಡಳಿ ನಿನ್ನನ್ನು ಪ್ರೀತಿಯಿಂದ ಕರೆಯುತ್ತವೆ. ಸೇವೆ ಮಾಡು, ಆದರೆ ಆ ಸಂಸ್ಥೆಯ ಮಕ್ಕಳ ಪ್ರವೇಶ, ನೇಮಕ, ತಪಾಸಣೆ ನಿನ್ನ ಮೇಜಿಗೆ ಬಂದಾಗ ಅಲ್ಲಿಂದ ಏಳು. ಬೇರೆ ಬೇರೆ ಮನೆಯಿಂದ ಬಂದ ಮಕ್ಕಳು ತರಗತಿಯ ಬಾಗಿಲಲ್ಲಿ ನಿನ್ನ ಮುಖ ನೋಡುತ್ತಾರೆ. ಪ್ರತಿಯೊಬ್ಬರಿಗೂ ನೀನು ತಮ್ಮ ಮೇಡಂ ಎನಿಸಬೇಕು.

ಇಲ್ಲ ಎನ್ನುವಾಗ, ತಪ್ಪು ನಡೆದುಹೋದಾಗ

- ಬೇಡ ಎನ್ನುವ ಮಾತನ್ನು ಮೊದಲೇ ಸಿದ್ಧವಾಗಿಟ್ಟುಕೋ. ಎದುರಿಗೆ ಹಿರಿಯರು ನಿಂತಾಗ ಮಾತು ಹೊಳೆಯುವುದಿಲ್ಲ. ನನಗೆ ಉಪಯೋಗಕ್ಕೆ ಬಂದದ್ದು ಇದು: "ಸಾರ್, ನಿಮ್ಮ ಮೇಲಿನ ಗೌರವಕ್ಕೇ ನಾನು ಇದರಲ್ಲಿ ಇರೋದಿಲ್ಲ. ನಾಳೆ ಯಾರಾದ್ರೂ ಬೆರಳು ತೋರಿಸಿದ್ರೆ ನಿಮ್ಮ ಹುಡುಗನ ಶ್ರಮಕ್ಕೂ ಮಸಿ ಹತ್ತುತ್ತೆ." ಇದು ನಿಜವೂ ಹೌದು. ನ್ಯಾಯವಾಗಿ ಗೆಲ್ಲಬಲ್ಲ ಹುಡುಗನಿಗೆ ಶಿಫಾರಸು ಶಾಪ.

- ನೀನೇ ತೀರ್ಮಾನಿಸಲಾರದ ಸಂದೇಹವನ್ನು ಇನ್ನೊಬ್ಬರಿಗೆ ಬಿಡು. ಅನುಮಾನ ಬಂದಾಗ "ಪರವಾಗಿಲ್ಲ, ನನ್ನ ಮನಸ್ಸು ಶುದ್ಧ" ಎಂದುಕೊಳ್ಳಬೇಡ. ಅಧ್ಯಕ್ಷರಿಗೆ ಎರಡು ಸಾಲು ಬರೆ: "ಈ ಅಭ್ಯರ್ಥಿ ನನಗೆ ಇಂಥ ಸಂಬಂಧ. ನಾನು ಸಮಿತಿಯಲ್ಲಿ ಇರಬೇಕೋ ಬೇಡವೋ ತಾವು ತೀರ್ಮಾನಿಸಿ ಲಿಖಿತವಾಗಿ ತಿಳಿಸಬೇಕಾಗಿ ವಿನಂತಿ."

- ತಪ್ಪು ಆಗಿಹೋಗಿದ್ದರೆ ಗೊತ್ತಾದ ದಿನವೇ ಹೇಳು. ಮೌಲ್ಯಮಾಪನ ಮುಗಿದ ಮೇಲೆ ಪತ್ರಿಕೆ ನೆಂಟರದೆಂದು ತಿಳಿದರೆ ಅಂದೇ ಬರೆದುಕೊಟ್ಟು ಬೇರೆಯವರಿಂದ ಮಾಡಿಸಲು ಕೇಳು. ಆ ಒಂದು ದಿನದ ಮುಜುಗರ ಮುಂದಿನ ಹತ್ತು ವರ್ಷದ ಭಯಕ್ಕಿಂತ ಹಗುರ.

- ಸಹೋದ್ಯೋಗಿ ದಾರಿ ತಪ್ಪುವುದನ್ನು ಕಂಡರೆ ಮೊದಲು ಅವರಿಗೇ ಹೇಳು. ಬಾಗಿಲು ಮುಚ್ಚಿ, ಮೆಲುದನಿಯಲ್ಲಿ, ತಂಗಿಯೊಬ್ಬಳು ಹೇಳಿದ ಹಾಗೆ. ಕೇಳದಿದ್ದರೆ, ವಿದ್ಯಾರ್ಥಿಗೆ ಅನ್ಯಾಯವಾಗುತ್ತಿದ್ದರೆ, ಹೆಸರು ಹಾಕಿ, ಸಹಿ ಮಾಡಿ ಬರೆ. ಅನಾಮಧೇಯ ಪತ್ರ ಬರೆಯಬೇಡ, ಅದು ನಿನ್ನ ಕೈಗೆ ಒಪ್ಪುವ ಕೆಲಸವಲ್ಲ.

ಮಗಳೇ, ಇಷ್ಟೆಲ್ಲ ಓದಿ ಅಧ್ಯಾಪನ ಎಂದರೆ ಬರೀ ಹೆದರಿಕೆ ಎಂದುಕೊಳ್ಳಬೇಡ. ಹಂಗು ಕಳಚಿಕೊಂಡವರಿಗೆ ಸಿಗುವ ನೆಮ್ಮದಿ ದೊಡ್ಡದು. ನಿವೃತ್ತಳಾಗಿ ಇಷ್ಟು ವರ್ಷವಾಯಿತು. ಸಂತೆಯಲ್ಲಿ, ಬಸ್ಸಿನಲ್ಲಿ, ಆಸ್ಪತ್ರೆಯ ಸಾಲಿನಲ್ಲಿ ಹಳೆಯ ವಿದ್ಯಾರ್ಥಿಗಳು ಸಿಗುತ್ತಾರೆ. ನಾನು ಫೇಲ್ ಮಾಡಿದವರೂ ಬಂದು ಮಾತಾಡಿಸುತ್ತಾರೆ. ಯಾರ ಮುಂದೆಯೂ ನಾನು ತಲೆ ತಗ್ಗಿಸಬೇಕಾಗಿಲ್ಲ. ಕ್ಯಾಲೆಂಡರ್ ರಟ್ಟು ಹಾಕಿದ ಪುಸ್ತಕ ಹಿಡಿದು ನಿಂತಿದ್ದಳಲ್ಲ, ಆ ಹುಡುಗಿಯೊಬ್ಬಳ ಹೊರತು. ಅವಳು ಮತ್ತೆ ಎಲ್ಲೂ ಸಿಗಲಿಲ್ಲ. ಸಿಕ್ಕಿದ್ದರೆ ಕ್ಷಮೆ ಕೇಳುತ್ತಿದ್ದೆ.

ಸೋಮವಾರ ನಿನ್ನ ಮೇಜಿನ ಮೇಲೆ ಮೊದಲ ಟೆಸ್ಟ್ ಪತ್ರಿಕೆಗಳ ಕಟ್ಟು ಬರುತ್ತದೆ. ಕೆಂಪು ಪೆನ್ನಿನ ಮುಚ್ಚಳ ತೆಗೆಯುವ ಮುಂಚೆ ಆ ನೋಟ್‌ಬುಕ್ ಒಂದು ಸಲ ತೆರೆದು ನೋಡು. ಪಟ್ಟಿಯಲ್ಲಿರುವ ಹೆಸರು ಕಟ್ಟಿನಲ್ಲಿ ಇಲ್ಲವಾದರೆ ಧೈರ್ಯವಾಗಿ ತಿದ್ದು. ಇದ್ದರೆ, ಆ ಒಂದು ಪತ್ರಿಕೆಯನ್ನು ಹೊರಗೆ ತೆಗೆದಿಟ್ಟು ಮುಖ್ಯಸ್ಥರ ಕೋಣೆಗೆ ನಡೆ.

ನಿನ್ನ ಮೇಡಂ